ಸ್ವಚ್ಛ ವಾಹಿನಿಯ ಬ್ರೇಕ್: ಪ್ಯಾಡ್ ಮತ್ತು ಡಿಸ್ಕ್ ಬದಲಾಯಿಸಬೇಕಾದ ಸಮಯವನ್ನು ಗುರುತಿಸುವುದು ಹೇಗೆ?

ಗ್ರಾಮ ಪಂಚಾಯಿತಿಯ ಆಸ್ತಿಗಳ ಪೈಕಿ ಪ್ರತಿದಿನವೂ ಬೀದಿಬೀದಿಗಳಲ್ಲಿ ಸಂಚರಿಸುವುದು ಸ್ವಚ್ಛ ವಾಹಿನಿ. ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೇ ಅದರ ಚಾಲಕರಾಗಿದ್ದಾರೆ. ಅವರ, ಸಹಾಯಕರ ಹಾಗೂ ಬೀದಿಯಲ್ಲಿ ಆಡುವ ಮಕ್ಕಳ ಸುರಕ್ಷತೆ ವಾಹನದ ಬ್ರೇಕನ್ನು ಅವಲಂಬಿಸಿದೆ. ಆದುದರಿಂದ ಈ ವಿಷಯವನ್ನು ಗ್ಯಾರೇಜಿಗೆ ಮಾತ್ರ ಬಿಡದೆ ಸದಸ್ಯರೂ ತಿಳಿದಿರುವುದು ಅಗತ್ಯ.

ಕಿಲೋಮೀಟರ್ ಲೆಕ್ಕ ಏಕೆ ಸಾಲದು?

ಇಂತಹ ಅನೇಕ ವಾಹನಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಪ್ಯಾಡುಗಳು ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ವಾಹನದ ಚಲನೆಯು ಘರ್ಷಣೆಯಿಂದ ಶಾಖವಾಗಿ ಮಾರ್ಪಡುತ್ತದೆ. ಭಾರ ಎರಡರಷ್ಟಾದರೆ ಶಾಖವೂ ಎರಡರಷ್ಟು. ವೇಗ ಎರಡರಷ್ಟಾದರೆ ಶಾಖ ನಾಲ್ಕರಷ್ಟು.

ಹೆದ್ದಾರಿಯಲ್ಲಿ ಓಡುವ ಕಾರು ಹತ್ತು ಕಿಲೋಮೀಟರ್ ದೂರದಲ್ಲಿ ಕೆಲವೇ ಬಾರಿ ಬ್ರೇಕ್ ಬಳಸಬಹುದು. ನಂದಗುಡಿ ಹೋಬಳಿಯ ಗ್ರಾಮಗಳಲ್ಲಿ ಕಸ ಸಂಗ್ರಹಿಸುವ ವಾಹನವಾದರೋ ಕೆಲವು ಮನೆಗಳಿಗೊಮ್ಮೆ ನಿಲ್ಲುತ್ತದೆ. ಮಣ್ಣಿನ ಧೂಳಿನಲ್ಲಿ ಸಾಗುತ್ತದೆ. ಬಳಿಕ ತುಂಬಿದ ಭಾರದೊಡನೆ ಮುಖ್ಯರಸ್ತೆಗೆ ಇಳಿಯುತ್ತದೆ. ಆದ್ದರಿಂದ ಪ್ಯಾಡಿನ ಆಯುಷ್ಯವನ್ನು ನಿರ್ಧರಿಸಬೇಕಾದುದು ಓಡಿದ ದೂರವಲ್ಲ, ಉಳಿದಿರುವ ದಪ್ಪ.

ಅಳತೆಯೇ ಪ್ರಮಾಣ

1. ಪ್ಯಾಡ್: ಹೊಸ ಪ್ಯಾಡಿನ ಲೈನಿಂಗ್ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಅದು 3 ಮಿ.ಮೀ.ಗೆ ಇಳಿದಾಗ ಬದಲಾಯಿಸುವುದು ಕ್ಷೇಮ. ಹಿಂಬದಿಯ ಕಬ್ಬಿಣದ ತಗಡನ್ನು ಈ ಅಳತೆಗೆ ಸೇರಿಸಬಾರದು. ಹೊರಗಿನ ಪ್ಯಾಡ್ ಚೆನ್ನಾಗಿದ್ದರೂ ಒಳಗಿನದು ಹೆಚ್ಚು ಸವೆದಿರಬಹುದು. ಆದುದರಿಂದ ಚಕ್ರ ಬಿಚ್ಚಿ ಎರಡನ್ನೂ ಅಳೆಯಬೇಕು.

2. ಡಿಸ್ಕ್: ಕನಿಷ್ಠ ದಪ್ಪದ ಅಂಕಿಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ನಮೂದಿಸಿರುತ್ತಾರೆ, ತಯಾರಕರ ಕೈಪಿಡಿಯಲ್ಲಿಯೂ ನೋಡಬಹುದು. ಪ್ಯಾಡ್ ತಾಗದ ಅಂಚು ಸವೆಯದೆ ದಪ್ಪವಾಗಿಯೇ ಉಳಿಯುತ್ತದೆ. ಅಂಚಿನಲ್ಲಿ ಅಳೆದರೆ ತಪ್ಪು ಉತ್ತರ ಬರುತ್ತದೆ. ಸವೆದ ಭಾಗದಲ್ಲಿಯೇ ಹಲವು ಕಡೆ ಮೈಕ್ರೋಮೀಟರಿನಿಂದ ಅಳೆಯಬೇಕು. ಕನಿಷ್ಠಕ್ಕಿಂತ ತೆಳುವಾದ ಅಥವಾ ಬಿರುಕು ಬಿಟ್ಟ ಡಿಸ್ಕನ್ನು ಬಳಸಕೂಡದು. ಆಳವಾದ ಗೀರು, ಅತಿ ಶಾಖದಿಂದಾದ ನೀಲಿ ಕಲೆ ಕಂಡರೆ ಮೆಕ್ಯಾನಿಕ್ ಪರೀಕ್ಷಿಸಬೇಕು.

3. ಜೋಡಿ: ಪ್ಯಾಡ್ ಆಗಲಿ ಡಿಸ್ಕ್ ಆಗಲಿ, ಎಡ ಮತ್ತು ಬಲ ಚಕ್ರಗಳೆರಡಕ್ಕೂ ಒಟ್ಟಿಗೆ ಬದಲಾಯಿಸಬೇಕು. ಒಂದೇ ಬದಿ ಬದಲಾಯಿಸಿದರೆ ಬ್ರೇಕ್ ಹಾಕಿದಾಗ ವಾಹನ ಒಂದು ಕಡೆಗೆ ಎಳೆಯಬಹುದು.

ಚಾಲಕರು ತಿಳಿಸಬೇಕಾದ ಲಕ್ಷಣಗಳು

ಮಳೆಯ ಮರುದಿನ ಬೆಳಗ್ಗೆ ಬರುವ ಕೀಚಲು ಸದ್ದು ಡಿಸ್ಕಿನ ಮೇಲಿನ ತೆಳು ತುಕ್ಕಿನದಾಗಿರಬಹುದು. ನಾಲ್ಕಾರು ಬಾರಿ ಬ್ರೇಕ್ ಹಾಕಿದ ಮೇಲೆ ಅದು ನಿಲ್ಲುತ್ತದೆ. ನಿಲ್ಲದ ಕೀಚಲು ಪ್ಯಾಡ್ ಸವೆದಿರುವುದರ ಎಚ್ಚರಿಕೆ. ಕಬ್ಬಿಣ ಉಜ್ಜುವಂತಹ ಕರಕರ ಸದ್ದು ಬಂದರೆ ಲೈನಿಂಗ್ ಮುಗಿದಿರುವ ಸಂಭವವಿದೆ; ವಾಹನವನ್ನು ಅಂದೇ ನಿಲ್ಲಿಸಬೇಕು. ಪೆಡಲ್ ಅದುರುವುದು, ಮೆತ್ತಗಾಗುವುದು, ವಾಹನ ಒಂದು ಬದಿಗೆ ಎಳೆಯುವುದು ಇವೂ ದೋಷದ ಸೂಚನೆಗಳು. ಪ್ಯಾಡ್ ಸವೆದಂತೆ ಬ್ರೇಕ್ ಆಯಿಲ್ ಮಟ್ಟ ಇಳಿಯುತ್ತದೆ; ಸೋರಿಕೆಯಿಂದಲೂ ಇಳಿಯಬಹುದು. ಕಾರಣ ನೋಡದೆ ಆಯಿಲ್ ತುಂಬಿಸಿ ಸುಮ್ಮನಾಗುವುದು ಸರಿಯಲ್ಲ. ಹಿಂದಿನ ಡ್ರಮ್ಮಿನೊಳಗಿನ ಬ್ರೇಕ್ ಶೂ ಕಣ್ಣಿಗೆ ಬೀಳದ ಕಾರಣ ಅದನ್ನೂ ಬಿಚ್ಚಿ ಪರೀಕ್ಷಿಸಬೇಕು.

ಪಂಚಾಯಿತಿಯ ಹೊಣೆ

ಸದ್ದನ್ನು ಮೊದಲು ಕೇಳುವವರು ಚಾಲಕರು. ಹಣ ಮಂಜೂರು ಮಾಡುವವರು ಬೇರೆಯವರು. ಇವರಿಬ್ಬರ ನಡುವಣ ವಿಳಂಬವೇ ಅಪಾಯ. ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 190ರ ಪ್ರಕಾರ ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವವರಷ್ಟೇ ಅಲ್ಲದೆ, ಆ ದೋಷ ತಿಳಿದಿದ್ದೂ ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದೂ ಚಲಾಯಿಸಲು ಬಿಡುವವರೂ ಶಿಕ್ಷಾರ್ಹರು. ಉಳಿತಾಯದ ದೃಷ್ಟಿಯಿಂದಲೂ ವಿಳಂಬ ಲಾಭವಲ್ಲ: ಸವೆದ ಪ್ಯಾಡನ್ನು ಬಿಟ್ಟರೆ ಅದು ಡಿಸ್ಕನ್ನೂ ಕೊರೆಯುತ್ತದೆ, ಒಂದು ಖರ್ಚು ಎರಡಾಗುತ್ತದೆ.

ಆದುದರಿಂದ ಕೆಳಕಂಡ ಕ್ರಮಗಳು ಉಪಯುಕ್ತ:

• ನಿರ್ವಹಣಾ ವಹಿಯೊಂದನ್ನು ಇಟ್ಟು, ಚಾಲಕರ ದೂರನ್ನು ದಿನಾಂಕದೊಡನೆ ದಾಖಲಿಸುವುದು.
• ಪ್ರತಿ ಸರ್ವೀಸಿನಲ್ಲಿಯೂ ಪ್ಯಾಡ್ ಹಾಗೂ ಡಿಸ್ಕಿನ ಅಳತೆಯನ್ನು ವಹಿಯಲ್ಲಿ ಬರೆಸುವುದು.
• ಬಿಲ್ಲಿನೊಂದಿಗೆ ಹಳೆಯ ಬಿಡಿಭಾಗಗಳನ್ನು ಮರಳಿ ಪಡೆದು ನೋಡುವುದು.
• ಬ್ರೇಕ್ ದುರಸ್ತಿ ಮುಂದಿನ ಸಭೆಯವರೆಗೆ ಕಾಯದಂತೆ ಆಯವ್ಯಯದಲ್ಲಿಯೇ ಮೊತ್ತವನ್ನು ಕಾಯ್ದಿರಿಸುವುದು.

ಚರ್ಚೆಗೆ

1. ನಿಮ್ಮ ಪಂಚಾಯಿತಿಯ ವಾಹನದ ಪ್ಯಾಡನ್ನು ಕೊನೆಯ ಬಾರಿ ಅಳೆದದ್ದು ಯಾವಾಗ? ದಾಖಲೆ ಇದೆಯೇ?
2. ಬ್ರೇಕಿನಲ್ಲಿ ದೋಷ ಕಂಡ ದಿನ ವಾಹನ ನಿಲ್ಲಿಸುವ ಅಧಿಕಾರ ಚಾಲಕರಿಗೆ ಇದೆಯೇ?
3. ಆ ದಿನ ಕಸ ಸಂಗ್ರಹಕ್ಕೆ ಬದಲಿ ವ್ಯವಸ್ಥೆ ಏನು?