ಎಲ್ಲ ಅಳತೆಗೂ ಒಂದೇ ಬಿಗಿ ಬೇಡ

ಹೊಸದಾಗಿ ಡಿಸೈನ್ ಕೆಲಸಕ್ಕೆ ಸೇರಿದ ಗೆಳೆಯರೇ, ಡ್ರಾಯಿಂಗ್‌ನ ಪ್ರತಿ ಅಳತೆಗೂ ಬಿಗಿ ಟಾಲರೆನ್ಸ್ ಕೊಡಬೇಡಿ. ಭದ್ರವಾಗಿರಲಿ ಎಂದು ಕೊಟ್ಟ ಒಂದೊಂದು ಮೈಕ್ರಾನಿಗೂ ಕಾರ್ಖಾನೆ ಬೆಲೆ ತೆರುತ್ತದೆ.

6205 ಬೇರಿಂಗ್ ತೆಗೆದುಕೊಳ್ಳಿ. ಒಳವ್ಯಾಸ 25 ಮಿ.ಮೀ., ಹೊರವ್ಯಾಸ 52. ಶಾಫ್ಟ್ ತಿರುಗಿ ಹೌಸಿಂಗ್ ನಿಂತಿರುವ ಸಾಮಾನ್ಯ ಜೋಡಣೆಯಲ್ಲಿ ಶಾಫ್ಟ್‌ಗೆ ಸಣ್ಣಕ್ಷರದ ಕೆ6, ಅಂದರೆ 25.002ರಿಂದ 25.015, ಹೌಸಿಂಗ್‌ಗೆ ದೊಡ್ಡಕ್ಷರದ ಎಚ್7, ಅಂದರೆ 52.000ದಿಂದ 52.030. ತಿರುಗುವ ಒಳ ರಿಂಗ್‌ನ ಸುತ್ತಲೂ ಭಾರ ಹಾಯುತ್ತದೆ. ಅದು ಸಡಿಲವಾಗಿದ್ದರೆ ಶಾಫ್ಟ್ ಮೇಲೆ ಮೆಲ್ಲಗೆ ಜಾರುತ್ತಾ ಶಾಫ್ಟನ್ನೇ ಸವೆಸುತ್ತದೆ. ಹಾಗಾಗಿ ಒಳಗೆ ಬಿಗಿ, ಹೊರಗೆ ತುಸು ಸಡಿಲ. ಬೇರಿಂಗ್ ಕೂರುವ ಆ ಜಾಗಕ್ಕೆ ಗ್ರೈಂಡಿಂಗ್ ಕೇಳಿ, ತಪ್ಪಿಲ್ಲ. ಯಾವುದಕ್ಕೂ ತಾಗದ ಉಳಿದ ಭಾಗಕ್ಕೆ ಲೇತ್ ಕೆಲಸವೇ ಧಾರಾಳ.

ಇನ್ನು ಸಾಲಾಗಿ ಐದು ತೂತುಗಳಿದ್ದರೆ ಒಂದರಿಂದ ಮುಂದಿನದಕ್ಕೆ ಸರಪಳಿಯಂತೆ ಅಳತೆ ಕೊಡುವುದು ಸುಲಭ. ಆದರೆ ಪ್ರತಿ ಅಂತರಕ್ಕೂ ±0.1 ಇದ್ದರೆ ಮೊದಲ ಮತ್ತು ಕೊನೆಯ ತೂತಿನ ನಡುವೆ ±0.4 ಸೇರಿಬಿಡುತ್ತದೆ. ಮೊದಲ ತೂತಿನಿಂದಲೇ ಎಲ್ಲವನ್ನೂ ಅಳೆದರೆ ಕೊನೆಯದಕ್ಕೂ ±0.1 ಮಾತ್ರ. ಆಗ ಅಕ್ಕಪಕ್ಕದ ಒಳತೂತುಗಳ ನಡುವೆ ±0.2 ಆಗುತ್ತದೆ ಎನ್ನುವುದೂ ನೆನಪಿರಲಿ. ಜೋಡಣೆಗೆ ಯಾವ ಅಂತರ ಮುಖ್ಯವೋ ಅದನ್ನೇ ನೇರವಾಗಿ ಬರೆಯಿರಿ.

ಡ್ರಾಯಿಂಗ್ ಬಿಡುಗಡೆಗೆ ಮುನ್ನ ಮಷಿನ್ ಮೇಲಿರುವವರ ಬಳಿಗೆ ಹೋಗಿ, ಭಾಗವನ್ನು ಹೇಗೆ ಹಿಡಿಯುತ್ತೀರಿ, ಯಾವುದರಿಂದ ಅಳೆಯುತ್ತೀರಿ ಎಂದು ಕೇಳಿ. ವರ್ನಿಯರ್ ತಲುಪದ ಜಾಗದ ಅಳತೆಯನ್ನು ಅವರು ಕೂಡಲೇ ತೋರಿಸುತ್ತಾರೆ.