ಹೊಟ್ಟೆಯೊಳಗಿನ ಮಗು ಮೈಕೈ ತುಂಬಿಕೊಂಡಿದೆಯೇ?

ಎಂಟನೇ ತಿಂಗಳ ಸ್ಕ್ಯಾನ್ ಮುಗಿಸಿ ಚೆನ್ನೈನ ಮಣಲಿಯ ಮನೆಗೆ ಬಂದಿರುತ್ತೀರಿ. ಊರಿನಿಂದ ಅಮ್ಮನ ಫೋನು: “ಮಗು ಮೈಕೈ ತುಂಬ್ಕೊಂಡಿದೆಯಂತಾ?” ವರದಿ ತಿರುವಿದರೆ ತಲೆ, ಹೊಟ್ಟೆ, ತೊಡೆಮೂಳೆ, ಅಂದಾಜು ತೂಕ. ಮಾಂಸಖಂಡದ ಮಾತೇ ಇಲ್ಲ. ಗಾಬರಿ ಬೇಡ, ಆ ಸಾಲು ಸಾಮಾನ್ಯವಾಗಿ ಯಾರ ವರದಿಯಲ್ಲೂ ಇರುವುದಿಲ್ಲ.

ವರದಿಯಲ್ಲಿನ ‘ಎಫ್‌ಎಲ್’ ಎಂದರೆ ತೊಡೆಮೂಳೆಯ ಉದ್ದ. 32ನೇ ವಾರಕ್ಕೆ ಸುಮಾರು 6 ಸೆಂ.ಮೀ. ಇರುತ್ತದೆ; ತೊಡೆ ಎಷ್ಟು ದಪ್ಪ ಎಂಬುದು ಅದರಿಂದ ತಿಳಿಯದು. ತೂಕವೂ ತಕ್ಕಡಿಯಲ್ಲಿ ತೂಗಿದ್ದಲ್ಲ, ಈ ಅಳತೆಗಳಿಂದ ಲೆಕ್ಕ ಕಟ್ಟಿದ್ದು. ಶೇಕಡ 10ರಿಂದ 15ರಷ್ಟು ಹೆಚ್ಚುಕಮ್ಮಿ ಆಗಬಹುದು.

ಮಾಂಸಖಂಡವನ್ನು ಅಳೆಯುವ ದಾರಿಯೂ ಇದೆ. ತೊಡೆಯ ಅಡ್ಡನೋಟದಲ್ಲಿ ನಡುವೆ ಮೂಳೆ, ಅದರ ಸುತ್ತ ಕಪ್ಪಗೆ ಮಾಂಸಖಂಡ, ಹೊರಗೆ ಬೆಳ್ಳಗೆ ಕೊಬ್ಬಿನ ಪಟ್ಟಿ ಕಾಣುತ್ತದೆ. ಒಟ್ಟು ವಿಸ್ತೀರ್ಣದಿಂದ ಕೊಬ್ಬನ್ನೂ ಮೂಳೆಯನ್ನೂ ಕಳೆದರೆ ಉಳಿದದ್ದು ಮಾಂಸಖಂಡ. 3ಡಿ ಸ್ಕ್ಯಾನಿನಲ್ಲಿ ತೊಡೆಯ ನಡುಭಾಗದ ಗಾತ್ರವನ್ನೇ ಅಳೆಯುವುದೂ ಉಂಟು. ಮಗು ಕಾಲು ಮಡಚಿದರೆ, ಮಿಸುಕಿದರೆ ಗೆರೆಗಳು ಕಲಸಿಹೋಗುತ್ತವೆ. ಹಾಗಾಗಿ ಇದು ಹೆಚ್ಚಾಗಿ ಸಂಶೋಧನೆಗೇ ಸೀಮಿತ.

ತೂಕವೊಂದನ್ನೇ ನಂಬಬಾರದೆಂದು ತೋರಿಸಿಕೊಟ್ಟವರು ನಮ್ಮ ಮೈಸೂರಿನ ಮಕ್ಕಳು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಅಂದರೆ ಮಿಷನ್ ಆಸ್ಪತ್ರೆಯಲ್ಲಿ, 1997-98ರಲ್ಲಿ ‘ಪಾರ್ಥೆನಾನ್’ ಅಧ್ಯಯನಕ್ಕೆ ಬಸುರಿಯರನ್ನು ಸೇರಿಸಿಕೊಂಡರು. ಹುಟ್ಟಿದ ಮಕ್ಕಳ ತೋಳಿನ ಸುತ್ತಳತೆ, ಚರ್ಮದಡಿಯ ಕೊಬ್ಬು ಎಲ್ಲವನ್ನೂ ಅಳೆದು ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳೊಂದಿಗೆ ಹೋಲಿಸಿದರು. ನಮ್ಮ ಮಕ್ಕಳು ಹೆಚ್ಚಿನ ಅಳತೆಗಳಲ್ಲಿ ಚಿಕ್ಕವರು. ಆದರೆ ಹೆಗಲೆಲುಬಿನ ಕೆಳಗಿನ ಕೊಬ್ಬಿನಲ್ಲಿ ಅಂತರ ತೀರ ಕಡಿಮೆ ಇತ್ತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಕಂಡದ್ದೂ ಇದೇ ಬಗೆಯ ಚಿತ್ರ: ಕಣ್ಣಿಗೆ ತೆಳ್ಳಗೆ, ಒಳಗೆ ಕೊಬ್ಬು. ಮುಂದೆ ಸಕ್ಕರೆ ಕಾಯಿಲೆಗೆ ಈ ಮೈಕಟ್ಟೂ ಒಂದು ಕಾರಣವಾಗಬಹುದೆಂಬುದೇ ತಜ್ಞರ ಕಾಳಜಿ.

ಆದ್ದರಿಂದ “ಇಬ್ಬರ ಊಟ ಮಾಡು” ಎಂದು ತುಪ್ಪ, ಸಿಹಿ ಬಡಿಸಿದರೆ ಮಗುವಿನ ಮಾಂಸಖಂಡ ಬೆಳೆಯುವುದಿಲ್ಲ. ಕೊನೆಯ ಮೂರು ತಿಂಗಳು ದಿನಕ್ಕೆ 22 ಗ್ರಾಂ ಹೆಚ್ಚುವರಿ ಪ್ರೋಟೀನ್ ಬೇಕೆಂಬುದು ಐಸಿಎಂಆರ್ ಲೆಕ್ಕ. ಒಂದು ಮೊಟ್ಟೆ, ದೊಡ್ಡ ಲೋಟ ಹಾಲು, ಒಂದು ಹಿಡಿ ಬೇಳೆ ಸೇರಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕೇಳಿ ಊಟ ಹೊಂದಿಸಿಕೊಳ್ಳಿ.

ಒಂದೇ ಸ್ಕ್ಯಾನಿನ ಅಂಕಿ ಹಿಡಿದು ಕೊರಗಬೇಡಿ. ಎರಡು ಮೂರು ವಾರದ ಅಂತರದ ಎರಡು ವರದಿಗಳನ್ನು ಪಕ್ಕಪಕ್ಕ ಇಟ್ಟು, ಬೆಳವಣಿಗೆ ತನ್ನ ಗೆರೆಯಲ್ಲೇ ಸಾಗಿದೆಯೇ ಎಂದು ವೈದ್ಯರನ್ನು ಕೇಳಿ. ಮಗುವಿನ ಮಿಸುಕಾಟ ಎಂದಿಗಿಂತ ಕಡಿಮೆ ಎನಿಸಿದರೆ ಮಾತ್ರ ಬೆಳಗಾಗಲಿ ಎನ್ನಬೇಡಿ, ಕೂಡಲೇ ಹೊರಡಿ. ನೀವು ತೋರಿಸುವ ಆಸ್ಪತ್ರೆ ದೂರವಾದರೆ ರಾಯಪುರಂನಲ್ಲಿ ಸರ್ಕಾರಿ ಆರ್‌ಎಸ್‌ಆರ್‌ಎಂ ಹೆರಿಗೆ ಆಸ್ಪತ್ರೆ ಇದೆ.

ಅಮ್ಮ ಮತ್ತೆ ಕೇಳಿದರೆ ಹೇಳಿ: “ಅಳತೆ ಏರ್ತಾ ಇದೆಯಮ್ಮ, ಚೆನ್ನಾಗಿ ಒದೀತಾನೂ ಇದೆ.” ಒದೆಯುವುದೂ ಮಾಂಸಖಂಡದ ಕೆಲಸವೇ ತಾನೇ.