ಗಣಕಜಾಲದ ಕಾವಲು: ಕಾವಲುಗಾರನನ್ನು ಗುರುತಿಸುವ ಬಗೆ

ದೆಹಲಿಯ ನೈಋತ್ಯ ಭಾಗದಲ್ಲಿರುವ ವಸಂತ್ ಕುಂಜ್ ಬಡಾವಣೆಯು ವಸತಿ ಪ್ರದೇಶವಾಗಿ ಬೆಳೆದುದಾದರೂ ಇಂದು ಹಲವು ರಾಷ್ಟ್ರೀಯ ಸಂಸ್ಥೆಗಳ ನೆಲೆಯೂ ಆಗಿದೆ. ಇಲ್ಲಿನ ನೆಲ್ಸನ್ ಮಂಡೇಲಾ ಮಾರ್ಗದಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ನೋಂದಾಯಿತ ಕಚೇರಿಯೂ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಕೇಂದ್ರ ಕಚೇರಿಯೂ ಇವೆ. ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಪುಸ್ತಕಗಳನ್ನು ಪ್ರಕಟಿಸುವ ನ್ಯಾಷನಲ್ ಬುಕ್ ಟ್ರಸ್ಟ್ ಹಾಗೂ ಯಕೃತ್ತಿನ ರೋಗಗಳಿಗೆ ಮತ್ತು ಬೆನ್ನುಹುರಿಯ ಗಾಯಗಳಿಗೆ ಚಿಕಿತ್ಸೆ ನೀಡುವ ಆಸ್ಪತ್ರೆಗಳು ಇದೇ ಬಡಾವಣೆಯಲ್ಲಿವೆ. ಕಾರ್ಯಕ್ಷೇತ್ರ ಯಾವುದೇ ಆಗಿರಲಿ, ಇಂತಹ ಸಂಸ್ಥೆಗಳ ದಿನನಿತ್ಯದ ಕೆಲಸವು ಗಣಕಜಾಲವನ್ನು ಅವಲಂಬಿಸಿರುತ್ತದೆ.

ಆ ಅವಲಂಬನೆ ಎಷ್ಟು ಆಳವಾದುದೆಂಬುದು ಇಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 2022ರ ನವೆಂಬರ್ 23ರಂದು ವ್ಯಕ್ತವಾಯಿತು. ಅಂದು ಗಣಕಗಳ ಮೇಲೆ ನಡೆದ ದಾಳಿಯಿಂದಾಗಿ ರೋಗಿಗಳ ನೋಂದಣಿ ಮೊದಲಾದ ಕೆಲಸಗಳನ್ನು ಅನೇಕ ದಿನಗಳ ಕಾಲ ಕೈಬರಹದಲ್ಲಿ ನಡೆಸಬೇಕಾಯಿತು. 5 ಸರ್ವರ್‌ಗಳು ದಾಳಿಗೊಳಗಾದುವೆಂದೂ ಸುಮಾರು 1.3 ಟೆರಾಬೈಟ್ ದತ್ತಾಂಶವು ಗೂಢಲಿಪಿಗೊಂಡಿತೆಂದೂ ಜಾಲವನ್ನು ಸಮರ್ಪಕವಾಗಿ ವಿಭಾಗಿಸದಿದ್ದುದು ಇದಕ್ಕೆ ಕಾರಣವೆಂದೂ ಸರ್ಕಾರವು ಸಂಸತ್ತಿಗೆ ತಿಳಿಸಿತು. ಒಳನುಸುಳಿದವರನ್ನು ಬೇಗನೆ ಕಂಡುಹಿಡಿಯಲು ಇರುವ ಸಾಧನವೇ ಜಾಲಭದ್ರತಾ ನಿಗಾ ವ್ಯವಸ್ಥೆ. ಆ ವ್ಯವಸ್ಥೆಯೊಳಕ್ಕೆ ಯಾರನ್ನು, ಯಾವ ಪುರಾವೆಯ ಮೇಲೆ ಬಿಡಬೇಕೆಂಬುದೇ ಈ ಪಾಠದ ವಿಷಯ.

ನಿಗಾ ವ್ಯವಸ್ಥೆಗೆ ವಿಶೇಷ ಎಚ್ಚರಿಕೆ ಏಕೆ?

ನಿಗಾ ವ್ಯವಸ್ಥೆಯು ಸಂಸ್ಥೆಯ ಎಲ್ಲ ಸರ್ವರ್‌ಗಳಿಂದಲೂ ಜಾಲದ ಹೆಬ್ಬಾಗಿಲಿನಲ್ಲಿರುವ ಫೈರ್‌ವಾಲ್‌ಗಳಿಂದಲೂ ಘಟನಾ ದಾಖಲೆಗಳನ್ನು ಸಂಗ್ರಹಿಸಿ, ಅಸಹಜವಾದುದು ಕಂಡಾಗ ಎಚ್ಚರಿಕೆ ನೀಡುತ್ತದೆ. ಆದ್ದರಿಂದ ಅದರೊಳಗೆ ಪ್ರವೇಶಿಸಿದ ವಂಚಕನಿಗೆ ಇಡೀ ಜಾಲದ ನಕ್ಷೆಯೇ ದೊರೆತಂತಾಗುತ್ತದೆ. ಯಾವ ಗಣಕ ದುರ್ಬಲವೆಂಬುದನ್ನು ಅವನು ತಿಳಿಯಬಲ್ಲನು. ಎಚ್ಚರಿಕೆಯ ಗಂಟೆಯನ್ನು ನಿಲ್ಲಿಸಬಲ್ಲನು. ತನ್ನ ಹೆಜ್ಜೆಗುರುತುಗಳನ್ನು ಅಳಿಸಬಲ್ಲನು. ಹೀಗಾಗಿ ಕಾವಲುಗಾರನ ಕೊಠಡಿಯ ಬೀಗವು ಮನೆಯ ಇತರ ಬೀಗಗಳಿಗಿಂತ ಬಲವಾಗಿರುವುದು ಅವಶ್ಯಕ.

ದೃಢೀಕರಣದ ವಿಧಾನಗಳು

ಬಳಕೆದಾರನು ತಾನು ಹೇಳಿಕೊಳ್ಳುವ ವ್ಯಕ್ತಿಯೇ ಹೌದೆಂದು ಖಚಿತಪಡಿಸಿಕೊಳ್ಳುವುದಕ್ಕೆ ದೃಢೀಕರಣವೆಂದು ಹೆಸರು. ಇದಕ್ಕೆ ಮೂರು ಆಧಾರಗಳುಂಟು: ಅವನು ಬಲ್ಲ ಗುಟ್ಟು, ಅವನ ಬಳಿಯಿರುವ ವಸ್ತು ಮತ್ತು ಅವನ ದೇಹದ ಲಕ್ಷಣ.

1. ಗುಪ್ತಪದ: ಪಾಸ್‌ವರ್ಡ್ ಎಂದು ಎಲ್ಲರಿಗೂ ಪರಿಚಿತವಾದ ಇದು ಅತ್ಯಂತ ಅಗ್ಗದ ವಿಧಾನ. ಇದನ್ನು ಪದೇ ಪದೇ ಬದಲಿಸುವಂತೆ ಒತ್ತಾಯಿಸುವುದು ಬಹುಕಾಲದ ರೂಢಿಯಾಗಿತ್ತು. ಆದರೆ ಹಾಗೆ ಒತ್ತಾಯಿಸಿದಾಗ ಜನರು ಹಳೆಯ ಪದಕ್ಕೇ ಒಂದು ಅಂಕಿಯನ್ನು ಜೋಡಿಸಿ ಸುಮ್ಮನಾಗುತ್ತಾರೆ. ಅಮೆರಿಕದ ಮಾನಕ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಈ ರೂಢಿಯನ್ನು ಕೈಬಿಟ್ಟು, ಸೋರಿಕೆಯ ಪುರಾವೆಯಿದ್ದಾಗ ಬದಲಿಸಿದರೆ ಸಾಕೆಂದೂ, ಈಗಾಗಲೇ ಸೋರಿಹೋದ ಪದಗಳನ್ನು ತಿರಸ್ಕರಿಸಬೇಕೆಂದೂ ಸೂಚಿಸಿತು. ಆದರೆ ಎಷ್ಟೇ ಉದ್ದದ ಗುಪ್ತಪದವಾದರೂ ಕದ್ದವನ ಕೈಯಲ್ಲಿ ಅದು ಅಷ್ಟೇ ಸಮರ್ಥವಾಗಿ ಕೆಲಸ ಮಾಡುತ್ತದೆ.

2. ಕೇಂದ್ರೀಯ ಬಳಕೆದಾರರ ಪಟ್ಟಿ: ಪ್ರತಿಯೊಂದು ಯಂತ್ರದಲ್ಲಿಯೂ ಬೇರೆ ಬೇರೆ ಖಾತೆಗಳನ್ನು ಇಡುವ ಬದಲು ಎಲ್ಲ ಸಿಬ್ಬಂದಿಯ ವಿವರವನ್ನು ಒಂದೆಡೆ ಇರಿಸಿ, ಇತರ ವ್ಯವಸ್ಥೆಗಳು ಅದನ್ನೇ ಕೇಳುವಂತೆ ಮಾಡುವುದುಂಟು. ಎಲ್‌ಡ್ಯಾಪ್, ರೇಡಿಯಸ್ ಮುಂತಾದವು ಹೀಗೆ ಕೇಳುವ ಪದ್ಧತಿಗಳು. ನೌಕರರು ವರ್ಗವಾದಾಗ ಅಥವಾ ನಿವೃತ್ತರಾದಾಗ ಒಂದೇ ಕಡೆ ಹೆಸರನ್ನು ತೆಗೆದರೆ ಎಲ್ಲ ಬಾಗಿಲುಗಳೂ ಮುಚ್ಚುವುದು ಇದರ ದೊಡ್ಡ ಅನುಕೂಲ. ಮರೆತುಹೋದ ಖಾತೆಯೊಂದು ಏನು ಮಾಡಬಲ್ಲದೆಂಬುದಕ್ಕೆ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಪ್ರಕರಣವು ನಿದರ್ಶನ. 2021ರ ಮೇ ತಿಂಗಳಿನಲ್ಲಿ, ಬಳಕೆಯಲ್ಲಿಲ್ಲದ ಹಳೆಯ ದೂರಪ್ರವೇಶ ಖಾತೆಯೊಂದರ ಗುಪ್ತಪದದಿಂದ ದಾಳಿಕೋರರು ಒಳಹೊಕ್ಕ ಪರಿಣಾಮವಾಗಿ ಇಂಧನ ಕೊಳವೆಮಾರ್ಗವು ಕೆಲವು ದಿನ ಸ್ಥಗಿತಗೊಂಡಿತು. ಆ ಖಾತೆಗೆ ಎರಡನೆಯ ಪುರಾವೆಯ ರಕ್ಷಣೆ ಇರಲಿಲ್ಲ.

3. ಒಂದು ಬಾರಿಯ ಸಂಖ್ಯೆ: ಬ್ಯಾಂಕುಗಳಿಂದಾಗಿ ಒಟಿಪಿಯು ಮನೆಮಾತಾಗಿದೆ. ಆದರೆ ಎಸ್‌ಎಂಎಸ್ ಮೂಲಕ ಬರುವ ಸಂಖ್ಯೆಯು ಮೊಬೈಲ್ ಸಂಕೇತವಿಲ್ಲದ ನೆಲಮಾಳಿಗೆಯಲ್ಲಿ ತಲುಪದು. ನಕಲಿ ಸಿಮ್ ಪಡೆದವನಿಗೂ ಅದು ದೊರೆಯಬಹುದು. ಮೊಬೈಲ್‌ನಲ್ಲಿರುವ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆಯನ್ನು ತಾನೇ ರಚಿಸುವುದರಿಂದ ಅದಕ್ಕೆ ಮೊಬೈಲ್ ಸಂಕೇತ ಬೇಡ. ಗಡಿಯಾರ ಸರಿಯಿದ್ದರೆ ಸಾಕು. ಆದರೂ ನಕಲಿ ಪುಟದಲ್ಲಿ ಈ ಸಂಖ್ಯೆಯನ್ನು ನಮೂದಿಸಿದರೆ ವಂಚಕನು ಅದನ್ನು ತಕ್ಷಣವೇ ನಿಜವಾದ ಪುಟದಲ್ಲಿ ಬಳಸಬಲ್ಲನು.

4. ಭೌತಿಕ ಕೀಲಿ: ಗಣಕಕ್ಕೆ ಸಿಕ್ಕಿಸುವ ಈ ಚಿಕ್ಕ ಸಾಧನದ ರಹಸ್ಯ ಸಂಖ್ಯೆಯು ಅದರಿಂದ ಹೊರಬರುವುದೇ ಇಲ್ಲ. ಸರ್ಕಾರಿ ಕಚೇರಿಗಳಲ್ಲಿ ಡಿಜಿಟಲ್ ಸಹಿಗೆ ಬಳಸುವ ಯುಎಸ್‌ಬಿ ಟೋಕನ್ ಇದರ ಬಂಧುವೇ. 2019ರಲ್ಲಿ ಜಾಗತಿಕ ಮಾನಕವಾದ ವೆಬ್‌ಆಥನ್ ಪದ್ಧತಿಯಲ್ಲಿ ಕೀಲಿಯು ತಾಣದ ವಿಳಾಸಕ್ಕೆ ಬದ್ಧವಾಗಿರುತ್ತದೆ. ವಿಳಾಸ ಬೇರೆಯಾದರೆ ಅದು ಉತ್ತರವನ್ನೇ ಕೊಡದು. ಆದುದರಿಂದ ನಕಲಿ ಪುಟದ ವಂಚನೆ ಇಲ್ಲಿ ಫಲಿಸದು.

5. ದೇಹಲಕ್ಷಣ: ಬೆರಳಚ್ಚು ಕಳೆದುಹೋಗದು ನಿಜ. ಆದರೆ ಅದರ ನಕಲು ಒಮ್ಮೆ ಸೋರಿದರೆ ಬೇರೊಂದು ಬೆರಳಚ್ಚನ್ನು ಕೊಡಲಾಗದು. ಆದ್ದರಿಂದ ಇದನ್ನು ಭೌತಿಕ ಕೀಲಿಯನ್ನು ತೆರೆಯಲು ಮಾತ್ರ ಉಪಯೋಗಿಸುವುದು ಲೇಸು.

ಆಯ್ಕೆಯ ಕ್ರಮ

ಉದಾಹರಣೆಗಾಗಿ, ಹಗಲಿರುಳೂ ಕಾರ್ಯನಿರ್ವಹಿಸುವ ಆಸ್ಪತ್ರೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಮೂರು ಪಾಳಿಗಳ ಸಿಬ್ಬಂದಿ ನಿಗಾ ಪರದೆಯನ್ನು ನೋಡುತ್ತಾರೆ. ಒಬ್ಬಿಬ್ಬರು ನಿರ್ವಾಹಕರು ನಿಯಮಗಳನ್ನು ತಿದ್ದುತ್ತಾರೆ. ಹೊರಗಿನ ದುರಸ್ತಿಗಾರರು ಆಗಾಗ ಬರುತ್ತಾರೆ. ಎಲ್ಲರಿಗೂ ಒಂದೇ ಬೀಗ ಸಲ್ಲದು.

ಪರದೆಯನ್ನು ನೋಡುವವರಿಗೆ ಕೇಂದ್ರೀಯ ಪಟ್ಟಿಯ ಖಾತೆ ಹಾಗೂ ಆ್ಯಪ್‌ನ ಸಂಖ್ಯೆ ಸಾಕಾಗಬಹುದು. ನಿಯಮ ತಿದ್ದುವ ನಿರ್ವಾಹಕರಿಗೆ ಭೌತಿಕ ಕೀಲಿ ಕಡ್ಡಾಯವಾಗಿರಬೇಕು. ಅವರ ಈ ಖಾತೆಯು ದಿನನಿತ್ಯದ ಇ-ಮೇಲ್ ಖಾತೆಯಿಂದ ಪ್ರತ್ಯೇಕವಾಗಿರಬೇಕು. ದುರಸ್ತಿಗಾರರ ಖಾತೆಯನ್ನು ಕೆಲಸದ ಅವಧಿಗೆ ಮಾತ್ರ ತೆರೆದು, ಮುಗಿದೊಡನೆ ಮುಚ್ಚಬೇಕು. ದಾಖಲೆ ಕಳುಹಿಸುವ ಯಂತ್ರಗಳಿಗೆ ಮನುಷ್ಯರ ಗುಪ್ತಪದವನ್ನು ಕೊಡದೆ ಅವುಗಳದೇ ಆದ ಡಿಜಿಟಲ್ ಪ್ರಮಾಣಪತ್ರವನ್ನು ನೀಡಬೇಕು.

ಮೂರು ಪಾಳಿಗಳಿಗೂ ಒಂದೇ ಹೆಸರಿನ ಖಾತೆಯನ್ನು ಕೊಡುವುದು ಅನೇಕ ಕಡೆ ಕಂಡುಬರುವ ದೋಷ. ಭಾರತೀಯ ಗಣಕ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ನಿಗದಿತ ಬಗೆಯ ಘಟನೆಗಳನ್ನು 6 ಗಂಟೆಗಳೊಳಗೆ ವರದಿ ಮಾಡಬೇಕು. ದಾಖಲೆಗಳನ್ನು 180 ದಿನ ಕಾಪಾಡಬೇಕು. ಗಡಿಯಾರಗಳನ್ನು ಅಧಿಕೃತ ಕಾಲಮೂಲಕ್ಕೆ ಹೊಂದಿಸಬೇಕು. ಆದರೆ ದಾಖಲೆಯಲ್ಲಿ ‘ಅಡ್ಮಿನ್’ ಎಂಬ ಒಂದೇ ಹೆಸರಿದ್ದರೆ, 180 ದಿನ ಕಾಪಾಡಿದರೂ ಆ ರಾತ್ರಿ ಎಚ್ಚರಿಕೆಯನ್ನು ನಿಲ್ಲಿಸಿದವರು ಯಾರೆಂಬುದು ತಿಳಿಯುವುದಿಲ್ಲ. ಇದರಿಂದ ನಿರಪರಾಧಿ ನೌಕರರ ಮೇಲೂ ಸಂಶಯ ಬೀಳುತ್ತದೆ.

ಬೀಗವೇ ಕೆಟ್ಟಾಗ

ಆಯ್ಕೆಯಲ್ಲಿ ಸಾಮಾನ್ಯವಾಗಿ ಮರೆಯುವ ಅಂಶವೊಂದಿದೆ. ನಿಗಾ ವ್ಯವಸ್ಥೆಯು ತಾನು ಕಾಯುತ್ತಿರುವ ಜಾಲದ ಕೇಂದ್ರೀಯ ಪಟ್ಟಿಯನ್ನೇ ಸಂಪೂರ್ಣವಾಗಿ ನಂಬಿದ್ದರೆ, ದಾಳಿಯಲ್ಲಿ ಆ ಪಟ್ಟಿ ನಾಶವಾದಾಗ ಕಾವಲುಗಾರನೇ ಹೊರಗುಳಿಯುತ್ತಾನೆ. ಪಟ್ಟಿ ವಂಚಕನ ವಶವಾದರೆ ಅವನೇ ಕಾವಲುಗಾರನಾಗುತ್ತಾನೆ. ಆದ್ದರಿಂದ ನಿರ್ವಾಹಕರ ಎರಡನೆಯ ಪುರಾವೆಯು ಆ ಪಟ್ಟಿಯನ್ನು ಅವಲಂಬಿಸಬಾರದು. ಜೊತೆಗೆ, ನಿಗಾ ಯಂತ್ರದಲ್ಲಿಯೇ ಒಂದು ತುರ್ತು ಖಾತೆಯಿರಬೇಕು. ಅದರ ಉದ್ದವಾದ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯೊಳಗಿಟ್ಟು, ಇಬ್ಬರು ಅಧಿಕಾರಿಗಳ ಸಮ್ಮುಖದಲ್ಲಿ ಮಾತ್ರ ತೆರೆಯಬೇಕು. ಆ ಖಾತೆಯನ್ನು ಬಳಸಿದೊಡನೆ ಎಲ್ಲರಿಗೂ ಎಚ್ಚರಿಕೆ ಹೋಗಬೇಕು. ಬಳಸಿದ ಮೇಲೆ ಗುಪ್ತಪದವನ್ನು ಬದಲಿಸಬೇಕು. ಕೀಲಿ ಕಳೆದುಹೋದರೆಂದು ಪ್ರತಿ ನಿರ್ವಾಹಕರಿಗೂ ಎರಡನೆಯ ಕೀಲಿಯೊಂದನ್ನು ಮೊದಲೇ ನೋಂದಾಯಿಸಿಡುವುದು ಸೂಕ್ತ.

ಹೀಗೆ, ದೃಢೀಕರಣದ ಆಯ್ಕೆಯೆಂದರೆ ದುಬಾರಿ ಸಾಧನದ ಖರೀದಿಯಲ್ಲ. ಒಳಬರುವವರು ಯಾರು, ಅವರು ಏನು ಮಾಡಬಲ್ಲರು, ಅವರು ಮಾಡಿದುದು ಅವರ ಹೆಸರಿನಲ್ಲಿಯೇ ದಾಖಲಾಗುವುದೇ, ಬೀಗ ಕೆಟ್ಟ ದಿನ ಒಳಹೋಗುವ ದಾರಿ ಯಾವುದು ಎಂಬ ನಾಲ್ಕು ಪ್ರಶ್ನೆಗಳಿಗೆ ಸಂಸ್ಥೆಯ ಮುಖ್ಯಸ್ಥರು ಮೊದಲು ಲಿಖಿತ ಉತ್ತರವನ್ನು ಸಿದ್ಧಪಡಿಸಬೇಕು. ಸಾಧನಗಳ ಆಯ್ಕೆಯು ಆ ಉತ್ತರವನ್ನು ಅನುಸರಿಸಿ ನಡೆಯಬೇಕು. ತುರ್ತು ಖಾತೆಯನ್ನು ವರ್ಷದಲ್ಲಿ ಕೆಲವು ಬಾರಿಯಾದರೂ ತೆರೆದು ಪರೀಕ್ಷಿಸಬೇಕು. ಸಂಕಟದ ರಾತ್ರಿಯಲ್ಲಿ ರೋಗಿಯ ದಾಖಲೆಯು ವೈದ್ಯರ ಕೈಗೆ ಸಿಗುವುದೋ ಇಲ್ಲವೋ ಎಂಬುದು ಈ ಪೂರ್ವಸಿದ್ಧತೆಯನ್ನೂ ಅವಲಂಬಿಸಿರುತ್ತದೆ.